ಕಾವಲುಗಾರನ ಕೂಗಿಗೂ ಒಂದು ಅಳತೆ ಇದೆ

ರೋಗಾಣುವಿನ ವಿಷಕ್ಕೆ ನಮ್ಮ ದೇಹ ಹೇಗೆ ಉತ್ತರ ಕೊಡುತ್ತದೆ? ಆ ಉತ್ತರ ಅಳತೆ ತಪ್ಪಿದರೆ ಏನಾಗುತ್ತದೆ? ನಮ್ಮ ಮನೆ, ಮದ್ರಸ, ಪಳ್ಳಿಗಳಿಗೆ ಇದರಲ್ಲಿರುವ ಪಾಠವೇನು?

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಯಾರಿಗಾದರೂ ಜ್ವರ ಬಂತೆಂದರೆ ಮನೆಯಲ್ಲಿ ಕೇಳುವ ಮೊದಲ ಮಾತು, "ಹೋಗಿ ಒಂದು ಸೂಜಿ ಹಾಕ್ಸ್ಕೊಂಡು ಬಾ, ಬೇಗ ಇಳಿಯುತ್ತೆ." ಅಡಿಕೆ ಕೊಯ್ಲಿನ ದಿನಗಳಲ್ಲಂತೂ ಮಲಗಿ ಸುಧಾರಿಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಅಂಗಡಿ ಬಾಗಿಲು ಹಾಕಿದರೆ ಆ ದಿನದ ವ್ಯಾಪಾರ ಹೋಯಿತು. ಹಾಗಾಗಿ ಜ್ವರ ಅಂದರೆ ಶತ್ರು, ಹೇಗಾದರೂ ಹೊಡೆದು ಇಳಿಸಬೇಕು ಎಂಬುದೇ ನಮ್ಮೆಲ್ಲರ ಲೆಕ್ಕ.

ಆದರೆ ಮೈಯನ್ನು ಬಿಸಿ ಮಾಡುವುದು ನೇರವಾಗಿ ಆ ರೋಗಾಣು ಅಲ್ಲ. ರೋಗಾಣುವನ್ನೋ ಅದರ ವಿಷವನ್ನೋ ಕಂಡ ನಮ್ಮದೇ ದೇಹದ ಕಾವಲುಗಾರರು ಹಾಕುವ ಕೂಗಿನ ಫಲ ಅದು. ಆ ಕೂಗು ಸಾಲದೆ ಹೋದರೆ ರೋಗ ಗೆಲ್ಲುತ್ತದೆ. ಅಳತೆ ಮೀರಿದರೆ ಕೂಗೇ ರೋಗವಾಗಿ ಕೂರುತ್ತದೆ. ಸೃಷ್ಟಿಯಲ್ಲಿ ಎಲ್ಲದಕ್ಕೂ ಒಂದು ಮೀಝಾನ್, ಒಂದು ತೂಕವಿದೆ ಎಂದು ನಾವು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ತೂಕ ನಮ್ಮ ರಕ್ತದೊಳಗೂ ಇದೆ. ಅದನ್ನು ಸ್ವಲ್ಪ ಅರ್ಥ ಮಾಡಿಕೊಂಡರೆ ಎರಡು ವಾರದ ಕೆಮ್ಮನ್ನು ಮುಚ್ಚಿಡುವ ಮನೆಗೂ, "ನಮ್ಮ ಹುಡುಗನಿಗೆ ಶಾಲೆಯಲ್ಲಿ ಚುಚ್ಚುಮದ್ದು ಬೇಡ" ಎಂದು ಹೇಳಿ ಕಳಿಸುವ ಮನೆಗೂ ಉಪಕಾರವಾಗುತ್ತದೆ.

ಒಳಗಿನ ಕಾವಲುಗಾರರು

ಊರಿಗೆ ಪೊಲೀಸ್ ಠಾಣೆ ಇದ್ದರೂ ಅಡಿಕೆ ಕಣಕ್ಕೆ, ಈರುಳ್ಳಿ ರಾಶಿಗೆ ರಾತ್ರಿ ಕಾವಲಿಗೆ ಒಬ್ಬ ಬೇಕೇ ಬೇಕು. ಠಾಣೆಯವರು ಬರುವಷ್ಟರಲ್ಲಿ ಕಳ್ಳ ಮೂಟೆ ಹೊತ್ತು ಹೋಗಿರುತ್ತಾನೆ. ದೇಹದಲ್ಲೂ ಹೀಗೆ ಎರಡು ಬಗೆಯ ರಕ್ಷಣೆ ಇದೆ. ಒಂದು, ಬಂದಿರುವ ರೋಗಾಣು ಯಾವುದೆಂದು ಗುರುತು ಹಿಡಿದು, ಅದಕ್ಕೇ ಹೊಂದುವ ಪ್ರತಿಕಾಯಗಳನ್ನು ತಯಾರಿಸುವುದು. ಇದಕ್ಕೆ ಹಲವು ದಿನ ಬೇಕು. ಇನ್ನೊಂದು ಹುಟ್ಟುವಾಗಲೇ ಬಂದದ್ದು. ಯಾರ ಅಪ್ಪಣೆಗೂ ಕಾಯದೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುವಂಥದ್ದು. ಇದಕ್ಕೆ ಜನ್ಮಜಾತ ರೋಗನಿರೋಧಕ ಶಕ್ತಿ ಎನ್ನುತ್ತಾರೆ.

ಈ ಕಾವಲುಗಾರರನ್ನು ಕಣ್ಣಾರೆ ಕಂಡು ಜಗತ್ತಿಗೆ ಹೇಳಿದವರು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಯೊಂದಕ್ಕೆ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಲು ಬರುವ ಕೋಶಗಳು ಇವು ಎಂದು ಅವರು ಅರ್ಥ ಮಾಡಿಕೊಂಡರು. 1908ರಲ್ಲಿ ಅವರಿಗೂ ಜರ್ಮನಿಯ ಪಾಲ್ ಎರ್ಲಿಕ್‌ಗೂ ಸೇರಿ ನೊಬೆಲ್ ಬಹುಮಾನ ಬಂತು.

ರಕ್ತ ಪರೀಕ್ಷೆಯ ಚೀಟಿಯಲ್ಲಿ ಡಬ್ಲ್ಯೂಬಿಸಿ ಎಂದು ಬರೆದು 4,000ದಿಂದ 11,000ದ ಒಳಗಿನ ಒಂದು ಸಂಖ್ಯೆ ಕೊಟ್ಟಿರುತ್ತಾರಲ್ಲ, ಆ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಇಂಥ ಕಾವಲುಗಾರರೇ. ನ್ಯೂಟ್ರೋಫಿಲ್ ಎಂಬುವು ಸಂಖ್ಯೆಯಲ್ಲಿ ಹೆಚ್ಚು, ಆಯುಸ್ಸು ಕಡಿಮೆ. ಗಾಯದ ಕೀವಿನಲ್ಲಿ ಇರುವುದು ಬಹುಪಾಲು ಇವುಗಳ ಮಯ್ಯಿತ್ತುಗಳೇ. ಮ್ಯಾಕ್ರೋಫೇಜ್ ಎಂಬುವು ಶ್ವಾಸಕೋಶ, ಯಕೃತ್ತು, ಚರ್ಮದಲ್ಲಿ ಮನೆ ಮಾಡಿಕೊಂಡು ಸಿಕ್ಕಿದ್ದನ್ನು ನುಂಗುತ್ತವೆ. ಡೆಂಡ್ರೈಟಿಕ್ ಎಂಬುವು ನುಂಗಿದ ರೋಗಾಣುವಿನ ತುಣುಕನ್ನು ಹಿಡಿದು ದುಗ್ಧಗ್ರಂಥಿಗೆ ಓಡಿಹೋಗಿ, ಇಂಥವನು ಬಂದಿದ್ದಾನೆ ಎಂದು ಉಳಿದ ಪಡೆಗೆ ತೋರಿಸುತ್ತವೆ. ಮಕ್ಕಳಿಗೆ ಗಂಟಲು ನೋವಾದಾಗ ಕತ್ತಿನಲ್ಲಿ ಗಂಟು ಸಿಗುವುದು ಇದರಿಂದಲೇ. ಅಲ್ಲಿ ಪಡೆ ಸೇರುತ್ತಿದೆ ಎಂದರ್ಥ.

ವಿಷದಲ್ಲಿ ಎರಡು ಬಗೆ

ಬ್ಯಾಕ್ಟೀರಿಯಾದ ವಿಷ ಎಲ್ಲವೂ ಒಂದೇ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳು ವಿಷ ತಯಾರಿಸಿ ಹೊರಗೆ ಸುರಿಯುತ್ತವೆ. ಗಂಟಲುಮಾರಿ, ಅಂದರೆ ಡಿಫ್ತೀರಿಯಾದ್ದು ಹೀಗೆ. ಧನುರ್ವಾಯುವಿನದ್ದೂ ಹೀಗೆಯೇ. 1888ರಲ್ಲಿ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು ಗಂಟಲುಮಾರಿಯ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ರೋಗಾಣು ಇಲ್ಲದ ಆ ನೀರೇ ಪ್ರಾಣಿಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು.

ಇನ್ನು ಕೆಲವು ಬ್ಯಾಕ್ಟೀರಿಯಾಗಳ ವಿಷ ಅವುಗಳ ಹೊರಗೋಡೆಯಲ್ಲೇ ಇರುತ್ತದೆ. ಟೈಫಾಯ್ಡ್, ಕಾಲರಾ, ಮೂತ್ರದ ಸೋಂಕು ತರುವ ಈ-ಕೋಲಿ ಎಲ್ಲ ಈ ಜಾತಿ. 1892ರಲ್ಲಿ ರಿಚರ್ಡ್ ಫೈಫರ್ ಎಂಬ ಜರ್ಮನ್ ವಿಜ್ಞಾನಿ ಕಾಲರಾ ರೋಗಾಣುವನ್ನು ಬಿಸಿ ಮಾಡಿ ಸಾಯಿಸಿದರೂ ಅದರ ದೇಹದಲ್ಲಿ ವಿಷ ಉಳಿದಿರುವುದನ್ನು ಕಂಡು, ಅದಕ್ಕೆ ಒಳವಿಷ, ಅಂದರೆ ಎಂಡೋಟಾಕ್ಸಿನ್ ಎಂದು ಹೆಸರಿಟ್ಟರು.

ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಒಳವಿಷವನ್ನು ಕಾವಲುಗಾರ ಕೋಶಗಳು ತಕ್ಷಣ ಗುರುತಿಸಿ ಕೂಗು ಹಾಕುತ್ತವೆ. ಹೊರಗೆ ಸುರಿಯುವ ಕೆಲವು ವಿಷಗಳು ಮಾತ್ರ ಕೂಗಲೂ ಬಿಡುವುದಿಲ್ಲ. ಗಂಟಲುಮಾರಿಯ ವಿಷ ಒಂದು ಕೋಶದೊಳಗೆ ಹೊಕ್ಕರೆ ಅಲ್ಲಿ ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಕೂಗಲು ಬೇಕಾದ ಇಂಟರ್‌ಫೆರಾನ್ ಕೂಡ ಒಂದು ಪ್ರೋಟೀನೇ. ಬಾಯಿಗೆ ಬಟ್ಟೆ ತುರುಕಿದ ಕಾವಲುಗಾರ ಹೇಗೆ ಕೂಗುತ್ತಾನೆ? ಧನುರ್ವಾಯುವಿನ ವಿಷವಂತೂ ಎಷ್ಟು ತೀಕ್ಷ್ಣವೆಂದರೆ, ಮನುಷ್ಯನನ್ನು ಕೊಲ್ಲಲು ಬೇಕಾದ ಪ್ರಮಾಣವು ದೇಹಕ್ಕೆ ಅದರ ಪಾಠ ಕಲಿಸಲು ಬೇಕಾದ ಪ್ರಮಾಣಕ್ಕಿಂತ ಕಡಿಮೆ. ಹಾಗಾಗಿ ಒಮ್ಮೆ ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದರಿಂದ ರಕ್ಷಣೆ ಬರುವುದಿಲ್ಲ. ಅವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಇಂಥ ವಿಷಕ್ಕೆ ಇರುವ ದಾರಿ, ಹಲ್ಲು ಕಿತ್ತ ಹಾವನ್ನು ಮೊದಲೇ ದೇಹಕ್ಕೆ ತೋರಿಸಿಡುವುದು. ವಿಷದ ಶಕ್ತಿ ತೆಗೆದು ರೂಪ ಮಾತ್ರ ಉಳಿಸಿದ ಲಸಿಕೆ ಅದು. ಸರಕಾರದ ಪಟ್ಟಿಯಲ್ಲಿ ಮಗುವಿಗೆ 6, 10, 14 ವಾರಗಳಲ್ಲಿ, ಆಮೇಲೆ 16ರಿಂದ 24 ತಿಂಗಳೊಳಗೆ, ಮತ್ತೆ 5-6 ವರ್ಷಕ್ಕೆ, ಕೊನೆಗೆ 10 ಮತ್ತು 16 ವರ್ಷಕ್ಕೆ ಇದು ಬರುತ್ತದೆ. ಗರ್ಭಿಣಿಯರಿಗೂ ಇದೆ. ನಮ್ಮಲ್ಲಿ ಮೊದಲ ಮೂರು ಸೂಜಿ ತಪ್ಪದೆ ಹಾಕಿಸುತ್ತಾರೆ. ಕೊನೆಯ ಎರಡನ್ನು ಹಲವರು ಮರೆಯುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲುಮಾರಿ ಮತ್ತೆ ಕಾಣಿಸಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡದ್ದು ನೆನಪಿರಲಿ. ಲಸಿಕೆ ಹಾಕಿಸದ, ಅಥವಾ ಅರ್ಧಕ್ಕೆ ನಿಲ್ಲಿಸಿದ ಮಕ್ಕಳೇ ಅಲ್ಲಿ ಹೆಚ್ಚು ಸಿಕ್ಕಿಬಿದ್ದರು. ನಮ್ಮ ಎಷ್ಟೋ ಮನೆಗಳ ನಂಟು ಕರಾವಳಿ, ಕೇರಳದ ಕಡೆಗೆ ಇದೆ. ದರ್ಸ್‌ಗೆ ಮಕ್ಕಳನ್ನು ಕಳಿಸುವುದೂ ಆ ಕಡೆಗೇ. ಆ ರೋಗಕ್ಕೆ ಘಟ್ಟ ಹತ್ತಲು ಟಿಕೆಟ್ ಬೇಕಿಲ್ಲ.

ಇಂಟರ್‌ಫೆರಾನ್ ಎಂಬ ಕೂಗು

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ಫ್ಲೂ ವೈರಸ್ ಇಟ್ಟು ಪರೀಕ್ಷೆ ಮಾಡುತ್ತಿದ್ದರು. ಶಕ್ತಿ ಕಳೆದ ವೈರಸ್ ತಾಗಿದ ಪೊರೆ ಏನೋ ಒಂದು ವಸ್ತುವನ್ನು ಹೊರಗೆ ಬಿಡುತ್ತಿತ್ತು. ಆ ವಸ್ತುವನ್ನು ಬೇರೆ ಪೊರೆಗೆ ಹಾಕಿದರೆ ಅಲ್ಲಿ ಹೊಸ ವೈರಸ್ ಬೆಳೆಯುತ್ತಿರಲಿಲ್ಲ. ವೈರಸ್ಸಿಗೆ ಅಡ್ಡಿ ಮಾಡುವುದರಿಂದ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಾಯಿತು.

ಇದರ ಕೆಲಸ ಬಹಳ ಸರಳ. ರೋಗ ತಗುಲಿದ ಕೋಶ ನೆರೆಯ ಕೋಶಗಳಿಗೆ "ಬಾಗಿಲು ಭದ್ರ ಮಾಡಿ, ಕಳ್ಳ ಬಂದಿದ್ದಾನೆ" ಎಂದು ಕೂಗಿ ಹೇಳುವುದು. ಅದನ್ನು ಕೇಳಿದ ಕೋಶಗಳಲ್ಲಿ ನೂರಾರು ಜೀನ್‌ಗಳು ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಇದು ಒಂದೇ ವಸ್ತುವಲ್ಲ, ಒಂದು ಕುಟುಂಬ. ಆಲ್ಫಾ, ಬೀಟಾ ಎಂಬುವು ಮೊದಲ ಗುಂಪು. ಇವನ್ನು ದೇಹದ ಹೆಚ್ಚುಕಡಿಮೆ ಯಾವ ಕೋಶವೂ ಮಾಡಬಲ್ಲದು. ಗಾಮಾ ಎಂಬುದು ಎರಡನೆಯದು. ಇದು ಟಿ-ಕೋಶ ಮತ್ತು ಎನ್‌ಕೆ ಎಂಬ ಬಿಳಿ ರಕ್ತಕಣಗಳಿಂದ ಮುಖ್ಯವಾಗಿ ಬರುತ್ತದೆ.

ಮೊದಮೊದಲು ಇದು ವೈರಸ್ಸಿಗೆ ಮಾತ್ರ ಎಂದುಕೊಂಡಿದ್ದರು. ಆಮೇಲೆ ಬ್ಯಾಕ್ಟೀರಿಯಾದ ವಿಷ ಕಂಡಾಗಲೂ ಕಾವಲುಗಾರರು ಇದೇ ಕೂಗು ಹಾಕುತ್ತಾರೆಂದು ಗೊತ್ತಾಯಿತು. ವಿಷವನ್ನು ಅವರು ಗುರುತಿಸುವುದು ಹೇಗೆ? 1996ರಲ್ಲಿ ಫ್ರಾನ್ಸಿನ ಜೂಲ್ ಹಾಫ್‌ಮನ್ ಅವರ ತಂಡ ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಸೋಂಕಿನ ಎದುರು ಕಾಪಾಡುವುದನ್ನು ಕಂಡಿತು. 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ತಂಡ ಅದರಂಥದ್ದೇ ಒಂದು ಟೋಲ್ ಗ್ರಾಹಕ ಇಲಿಗಳ ಕೋಶದಲ್ಲಿ ಒಳವಿಷವನ್ನು ಹಿಡಿಯುತ್ತದೆ ಎಂದು ತೋರಿಸಿತು. 2011ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಈ ಗ್ರಾಹಕವನ್ನು ಮನೆಯ ಕರೆಗಂಟೆ ಎಂದುಕೊಳ್ಳಿ. ಒಳವಿಷ ಕೋಶದ ಹೊರಮೈಯಲ್ಲಿ ಗಂಟೆ ಒತ್ತಿದಾಗ ಮೊದಲ ತಂತಿ ಮಿಡಿದು ಜ್ವರ, ಊತ ತರುವ ಸಂದೇಶಗಳು ಹೊರಡುತ್ತವೆ. ಗಂಟೆ ಸಮೇತ ವಿಷವನ್ನು ಕೋಶ ಒಳಗೆ ಎಳೆದುಕೊಂಡ ಮೇಲೆ ಎರಡನೇ ತಂತಿ ಮಿಡಿಯುತ್ತದೆ. ಆಗ ಇಂಟರ್‌ಫೆರಾನ್ ಬೀಟಾ ಹೊರಬರುತ್ತದೆ. ಅಂದರೆ ಬಾಗಿಲಲ್ಲಿ ಕಂಡರೆ ಒಂದು ಕೂಗು, ಒಳಗೆ ಬಂದರೆ ಇನ್ನೊಂದು ಕೂಗು. ಎಲ್ಲಿ, ಯಾವಾಗ, ಎಷ್ಟು ಎಂಬುದಕ್ಕೆ ಮೊದಲ ಹೆಜ್ಜೆಯಲ್ಲೇ ಲೆಕ್ಕವಿದೆ.

ಕೂಗಿಗೂ ಲಗಾಮು

ಕೂಗು ಹಾಕುವುದಕ್ಕಿಂತ ನಿಲ್ಲಿಸುವುದು ಕಷ್ಟ. ಊರಲ್ಲಿ ಜಗಳ ಶುರುವಾಗಲು ಒಂದು ಮಾತು ಸಾಕು, ನಿಲ್ಲಿಸಲು ಹಿರಿಯರೆಲ್ಲ ಸೇರಬೇಕು. ದೇಹ ಅದಕ್ಕೂ ವ್ಯವಸ್ಥೆ ಮಾಡಿಕೊಂಡಿದೆ. ಇಂಟರ್‌ಫೆರಾನ್ ಕೇಳಿಸಿಕೊಂಡ ಕೋಶ ತನ್ನೊಳಗೆ ಅದನ್ನು ತಗ್ಗಿಸುವ ಪ್ರೋಟೀನನ್ನೂ ತಯಾರಿಸಲು ಶುರು ಮಾಡುತ್ತದೆ. ಸಾಕ್ಸ್-1 ಎಂಬುದು ಅಂಥ ಒಂದು ಲಗಾಮು. ಈ ಲಗಾಮು ಇಲ್ಲದೆ ಹುಟ್ಟಿದ ಇಲಿಮರಿಗಳು ಸುಮಾರು ಮೂರು ವಾರದೊಳಗೆ ಸಾಯುತ್ತವೆ. ಅಂಥವುಗಳಲ್ಲಿ ಇಂಟರ್‌ಫೆರಾನ್ ಗಾಮಾವನ್ನೂ ತೆಗೆದುಬಿಟ್ಟರೆ ಬದುಕುತ್ತವೆ. ಕೊಂದದ್ದು ಯಾವ ರೋಗಾಣುವೂ ಅಲ್ಲ, ನಿಲ್ಲದ ಕೂಗು.

ಇನ್ನೊಂದು ಲಗಾಮು ಐಎಲ್-10. ಕೆಲಸ ಮುಗಿಯಿತು, ಶಾಂತರಾಗಿ ಎಂದು ಹೇಳುವ ಸಂದೇಶ ಅದು. ಮೂರನೆಯದು ರೂಢಿ. ಒಳವಿಷವನ್ನು ಒಮ್ಮೆ ಕಂಡ ಮ್ಯಾಕ್ರೋಫೇಜ್ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಂಡರೆ ಮೊದಲಿನಷ್ಟು ಅಬ್ಬರ ಮಾಡುವುದಿಲ್ಲ. ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿದ್ದರೂ ದಿನಾ ಜ್ವರ ಬರದಿರಲು ಇಂಥ ಹಲವು ಲಗಾಮುಗಳೇ ಕಾರಣ.

ಲಗಾಮು ಕಡಿದು ಹೋದಾಗ ಆಗುವುದೇ ಸೆಪ್ಸಿಸ್. ಸೋಂಕು ಒಂದೆಡೆ ಇದ್ದರೂ ಅದಕ್ಕೆ ದೇಹ ಕೊಡುವ ಉತ್ತರ ಅಂಕೆ ತಪ್ಪಿ, ಮೂತ್ರಪಿಂಡ, ಶ್ವಾಸಕೋಶ, ಹೃದಯ ಸೋಲುತ್ತವೆ. ಜ್ವರದ ಜೊತೆ ಉಸಿರು ಬಿರುಸಾದರೆ, ಮಾತು ತಡವರಿಸಿದರೆ ಅಥವಾ ಮಂಕು ಕವಿದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ "ನಾಳೆ ನೋಡೋಣ" ಎನ್ನಬಾರದು. ಆ ಹೊತ್ತಿಗೇ ಗಾಡಿ ಮಾಡಿಕೊಂಡು ತಾಲ್ಲೂಕು ಆಸ್ಪತ್ರೆಗೆ, ಅವರು ಹೇಳಿದರೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೊರಡಬೇಕು. ಹೆರಿಗೆಯಾದ ತಾಯಿ, ಎಳೆ ಕೂಸು, ಸಕ್ಕರೆ ಕಾಯಿಲೆಯ ಹಿರಿಯರ ವಿಷಯದಲ್ಲಿ ಇನ್ನೂ ಜೋಕೆ.

ಕೊರೊನಾ ಕಾಲದಲ್ಲಿ ಈ ಅಳತೆಯ ಮಾತನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಆಮ್ಲಜನಕ ಬೇಕಾದ ರೋಗಿಗಳ ಪ್ರಾಣ ಉಳಿಸಿತು ಎಂದು 2020ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆ ತೋರಿಸಿತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವಾಗಲಿಲ್ಲ. ಮೊದಲ ದಿನಗಳಲ್ಲಿ ಕಾವಲುಗಾರ ಕೂಗಬೇಕು. ಆಗ ಬಾಯಿ ಮುಚ್ಚಿಸಿದರೆ ನಷ್ಟ. ಅಬ್ಬರ ಮಿತಿಮೀರಿದಾಗ ತಗ್ಗಿಸಬೇಕು. ಆಗ ಸುಮ್ಮನಿದ್ದರೆ ನಷ್ಟ. ಮದ್ದು ಒಂದೇ, ಹೊತ್ತು ಬೇರೆ.

ಕ್ಷಯದ ಜಾಣತನ

ಇಂಟರ್‌ಫೆರಾನಿನ ಎರಡು ಮುಖವನ್ನೂ ಒಟ್ಟಿಗೆ ತೋರಿಸುವ ರೋಗ ನಮ್ಮ ನಾಡಿನಲ್ಲೇ ಇದೆ. ಅದು ಕ್ಷಯ, ಜನ ಹೇಳುವ ಟಿಬಿ. ಧನುರ್ವಾಯುವಿನ ಹಾಗೆ ಇದು ರಕ್ತಕ್ಕೆ ವಿಷ ಸುರಿಯುವುದಿಲ್ಲ, ಟೈಫಾಯ್ಡಿನ ಹಾಗೆ ಗೋಡೆಯಲ್ಲಿ ಆ ಒಳವಿಷವೂ ಇಲ್ಲ. ಇದು ಕಾವಲುಗಾರನ ಹೊಟ್ಟೆಯೊಳಗೇ ಸಂಸಾರ ಹೂಡುತ್ತದೆ.

ಉಸಿರಿನ ಜೊತೆ ಒಳಗೆ ಹೋದ ರೋಗಾಣುವನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ನುಂಗಿ ಒಂದು ಪೊರೆಯ ಚೀಲದಲ್ಲಿ ಹಾಕುತ್ತದೆ. ಅಲ್ಲಿ ಅದು ಅರಗಿ ಹೋಗಬೇಕು. ಆದರೆ ಕ್ಷಯದ ರೋಗಾಣುವಿನಲ್ಲಿ ಇಎಸ್‌ಎಕ್ಸ್-1 ಎಂಬ ಸಣ್ಣ ಯಂತ್ರವಿದೆ. ಅದರ ಮೂಲಕ ಹೊರಬಿಟ್ಟ ಪ್ರೋಟೀನುಗಳ ನೆರವಿನಿಂದ ಚೀಲದ ಪೊರೆ ಕಿತ್ತು, ರೋಗಾಣುವಿನ ಡಿಎನ್‌ಎ ತುಣುಕುಗಳು ಕೋಶದ ಒಳಗೆ ಸೋರುತ್ತವೆ. ಇರಬಾರದ ಕಡೆ ಡಿಎನ್‌ಎ ಕಂಡ ಕೋಶ, ಇದು ವೈರಸ್ ಇರಬೇಕು ಎನ್ನುವ ಹಾಗೆ ಆಲ್ಫಾ, ಬೀಟಾ ಇಂಟರ್‌ಫೆರಾನನ್ನು ಕೂಗುತ್ತದೆ. ಇದು ತಪ್ಪು ಕೂಗು. ಬೆಂಕಿ ಬಿದ್ದ ಮನೆಯಲ್ಲಿ "ಕಳ್ಳ, ಕಳ್ಳ" ಎಂದು ಕೂಗಿದಂತೆ. ಕ್ಷಯವನ್ನು ನಿಜವಾಗಿ ಕಟ್ಟಿಹಾಕಲು ಬೇಕಾದದ್ದು ಗಾಮಾ. ಅದು ಮ್ಯಾಕ್ರೋಫೇಜಿಗೆ ನುಂಗಿದ್ದನ್ನು ಅರಗಿಸುವ ಬಲ ಕೊಡುತ್ತದೆ. ಆಲ್ಫಾ-ಬೀಟಾ ಅತಿಯಾದರೆ ಗಾಮಾದ ಕೆಲಸಕ್ಕೇ ಅಡ್ಡಿ.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. 2010ರಲ್ಲಿ ಲಂಡನ್ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳ ರಕ್ತ ನೋಡಿದಾಗ, ಕ್ಷಯ ಕೆರಳಿದವರ ಬಿಳಿ ರಕ್ತಕಣಗಳಲ್ಲಿ ಇಂಟರ್‌ಫೆರಾನಿನ ಗುರುತು ದಟ್ಟವಾಗಿತ್ತು. ಮಾತ್ರೆ ನುಂಗುತ್ತ ಹೋದಂತೆ ಆ ಗುರುತು ಮಸುಕಾಗುತ್ತ ಬಂತು. ಇನ್ನೊಂದೆಡೆ, ಗಾಮಾ ಕೂಗನ್ನು ಕೇಳಿಸಿಕೊಳ್ಳಲಾಗದೆ ಹುಟ್ಟಿದ ಅಪರೂಪದ ಮಕ್ಕಳಿದ್ದಾರೆ. ಉಳಿದೆಲ್ಲ ಮಕ್ಕಳಿಗೆ ರಕ್ಷೆಯಾಗುವ ಬಿಸಿಜಿ ಲಸಿಕೆಯೇ ಅವರಿಗೆ ಕಾಯಿಲೆ ತರಬಲ್ಲದು ಎಂದು 1996ರಲ್ಲಿ ತಿಳಿಯಿತು. ಒಂದೇ ಮನೆತನದ ಇಬ್ಬರು ಅಣ್ಣತಮ್ಮಂದಿರು. ಒಬ್ಬ ಬೆಂಕಿ ಆರಿಸುತ್ತಾನೆ, ಇನ್ನೊಬ್ಬ ಮಿತಿಮೀರಿದರೆ ಗಾಳಿ ಹಾಕುತ್ತಾನೆ.

ಹುಟ್ಟಿದ ಕೂಸಿನ ಎಡತೋಳಿಗೆ ಹಾಕುವ ಆ ಬಿಸಿಜಿ ಲಸಿಕೆಯ ಗುಟ್ಟೂ ಇಲ್ಲೇ ಇದೆ. ಕಾಲ್ಮೆಟ್ ಮತ್ತು ಗೆರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು 13 ವರ್ಷ ಒಂದು ರೋಗಾಣುವನ್ನು ಮತ್ತೆ ಮತ್ತೆ ಬೆಳೆಸಿ ಸಾಧು ಮಾಡಿ, 1921ರಲ್ಲಿ ಮೊದಲ ಸಲ ಮಗುವಿಗೆ ಕೊಟ್ಟರು. ಅದು ಹೇಗೆ ಸಾಧುವಾಯಿತು ಎಂದು ಅವರಿಗೇ ಗೊತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ ನೋಡಿದರೆ, ಚೀಲದ ಪೊರೆ ಕೀಳುವ ಆ ಇಎಸ್‌ಎಕ್ಸ್-1 ಯಂತ್ರದ ಭಾಗಗಳೇ ಬಿಸಿಜಿಯಲ್ಲಿ ಕಳೆದುಹೋಗಿದ್ದವು. ಈ ಲಸಿಕೆ ಎಳೆ ಮಕ್ಕಳನ್ನು ಮೆದುಳಿನ ಕ್ಷಯದಂಥ ಘೋರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರಾದ ಮೇಲೆ ಬರುವ ಶ್ವಾಸಕೋಶದ ಕ್ಷಯಕ್ಕೆ ಅದು ಗ್ಯಾರಂಟಿ ಅಲ್ಲ. ಆದ್ದರಿಂದ "ಚಿಕ್ಕಂದಿನಲ್ಲಿ ಸೂಜಿ ಹಾಕಿಸಿದ್ದೇವೆ, ಇದು ಟಿಬಿ ಆಗಿರಲಿಕ್ಕಿಲ್ಲ" ಎಂಬ ಮಾತು ಸರಿಯಲ್ಲ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಜಗಳದ ಅಭ್ಯಾಸ ನಡೆದಿದೆ. ಕ್ಷಯದ ರೋಗಾಣು ಮ್ಯಾಕ್ರೋಫೇಜನ್ನು ಹೇಗೆ ಮರುಳು ಮಾಡುತ್ತದೆ ಎಂದು ಕೆ.ಎನ್. ಬಾಲಾಜಿ ಅವರ ತಂಡವೂ, ಟೈಫಾಯ್ಡಿನ ಜಾತಿಯ ಸಾಲ್ಮೊನೆಲ್ಲಾ ಅದರೊಳಗೆ ಹೇಗೆ ಬದುಕುತ್ತದೆ ಎಂದು ದೀಪಶಿಖಾ ಚಕ್ರವರ್ತಿ ಅವರ ತಂಡವೂ ಹುಡುಕುತ್ತ ಬಂದಿವೆ.

ತುಮಕೂರಿನ ಪಾಠ

ವಿಜ್ಞಾನ ಎಷ್ಟು ಮುಂದೆ ಹೋದರೂ ರೋಗಿ ಬಾಗಿಲಿಗೆ ಬಂದಾಗ ಕೇಳಿಸಿಕೊಳ್ಳುವವರು ಬೇಕು. ಇದಕ್ಕೆ ನಮ್ಮ ಪಕ್ಕದ ತುಮಕೂರು ಜಿಲ್ಲೆಯೇ ಸಾಕ್ಷಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಆ ಸಂಸ್ಥೆ 1960-61ರಲ್ಲಿ ತುಮಕೂರಿನ ಹಳ್ಳಿಗಳಲ್ಲಿ ಕ್ಷಯದ ಸಮೀಕ್ಷೆ ಮಾಡಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಅಧಿಕಾರಿಗಳು ಆಡಿಕೊಳ್ಳುತ್ತಿದ್ದ ಕಾಲ ಅದು. ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳನ್ನೇ ಮಾತಾಡಿಸಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಕ್ಷಯ ಇದ್ದವರಲ್ಲಿ ಬಹುತೇಕರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಕೆಮ್ಮಿನ ಔಷಧಿಯ ಬಾಟಲಿ.

ದೊಡ್ಡ ಊರಿನ ಕ್ಷಯದ ಆಸ್ಪತ್ರೆಯನ್ನಷ್ಟೇ ನೆಚ್ಚದೆ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಆಗಬೇಕು ಎಂಬ 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತುಮಕೂರಿನ ಈ ಅನುಭವವೇ ಬುನಾದಿಯಾಯಿತು. ಆರು ದಶಕ ಕಳೆದಿವೆ. ಕೆಮ್ಮಿನ ಬಾಟಲಿ ಮಾತ್ರ ಇನ್ನೂ ಮನೆಯ ಗೂಡಿನಲ್ಲಿ ಇದೆ. ಅದರ ಪಕ್ಕದಲ್ಲಿ ಈಗ ಗುರುತಿಲ್ಲದ ಮಾತ್ರೆಯ ಪೊಟ್ಟಣವೂ ಸೇರಿದೆ. ಸುಸ್ತು, ಮೈಕೈ ನೋವು, ದಮ್ಮು ಎಂದರೆ ಸಾಕು, ಓದಿಲ್ಲದ ಕೆಲವರು ಕೊಡುವ ಸೂಜಿ-ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹುರುಪು ಬರುವುದು ಕಾವಲುಗಾರನ ಬಾಯಿ ಮುಚ್ಚಿದ್ದರಿಂದ, ರೋಗ ಹೋದದ್ದರಿಂದ ಅಲ್ಲ. ಒಳಗೆ ಮಲಗಿದ್ದ ಕ್ಷಯ ಆಗ ಎದ್ದು ಕೂರುತ್ತದೆ. ಮೆದುಳಿನ ಕ್ಷಯದಲ್ಲಿ ವೈದ್ಯರೇ ಸ್ಟೀರಾಯ್ಡ್ ಕೊಡುವುದುಂಟು, ಅದರಿಂದ ಜೀವ ಉಳಿಯುವುದೂ ಉಂಟು. ಆದರೆ ಅದು ಕ್ಷಯದ ಮಾತ್ರೆಗಳ ಜೊತೆಗೆ, ಅಳತೆಯಲ್ಲಿ, ನಿಗಾದಲ್ಲಿ.

ನಮ್ಮ ಮನೆ, ನಮ್ಮ ಪಳ್ಳಿ

ಎರಡು ವಾರ ಮೀರಿದ ಕೆಮ್ಮು, ಸಂಜೆ ಹೊತ್ತಿನ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ. ಇದರಲ್ಲಿ ಯಾವುದಿದ್ದರೂ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಈಗ ಬಳಸುವ ಟ್ರೂನ್ಯಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪಗೊಂಡದ್ದು. ಕೆಲವು ಗಂಟೆಗಳಲ್ಲೇ ರೋಗಾಣು ಇದೆಯೇ, ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂದು ಹೇಳುತ್ತದೆ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಉಳಿದವರಿಗೆ ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡುವುದುಂಟು. ಆ ರಕ್ತ ಪರೀಕ್ಷೆ ಅಳೆಯುವುದು ಬೇರೇನನ್ನೂ ಅಲ್ಲ, ಇದೇ ಇಂಟರ್‌ಫೆರಾನ್ ಗಾಮಾವನ್ನು. ಬಿಸಿಜಿಯಲ್ಲಿ ಇಲ್ಲದ ಆ ಯಂತ್ರದ ಪ್ರೋಟೀನನ್ನು ನಮ್ಮ ರಕ್ತಕ್ಕೆ ತೋರಿಸಿ, ಕಾವಲುಗಾರ ಗುರುತು ಹಿಡಿದು ಕೂಗುತ್ತಾನೆಯೇ ಎಂದು ನೋಡುತ್ತಾರೆ. ಕೂಗಿದರೆ ರೋಗಾಣು ಒಳಗೆ ಬಂದಿದೆ ಎಂದರ್ಥ, ರೋಗ ಬಂದಿದೆ ಎಂದಲ್ಲ. ಹೆಚ್ಚಿನವರಲ್ಲಿ ಅದು ಜೀವಮಾನವಿಡೀ ಮಲಗಿಯೇ ಇರುತ್ತದೆ. ಏಳದ ಹಾಗೆ ಮೊದಲೇ ಮಾತ್ರೆ ಕೊಡುವ ವ್ಯವಸ್ಥೆಯೂ ಇದೆ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ರೂಪಾಯಿ ಮಾಡಿದ್ದಾರೆ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ. ಆಗ "ಸಾಕು ಬಿಡಿ" ಎನ್ನುವುದೇ ದೊಡ್ಡ ಅಪಾಯ. ಉಳಿದ ರೋಗಾಣು ಔಷಧಿಗೆ ಬಗ್ಗದ ಜಾತಿಯಾಗಿ ಹಿಂತಿರುಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯದ ಅಪಾಯ ಎರಡು-ಮೂರು ಪಟ್ಟು. ಮದುವೆ ಮನೆಯ ಬಿರಿಯಾನಿ, ದಿನಕ್ಕೆ ಐದಾರು ಸಿಹಿ ಚಹಾ ನಮ್ಮಲ್ಲಿ ಹೆಚ್ಚೇ ಇದೆಯಾದ್ದರಿಂದ ಸಕ್ಕರೆಯನ್ನೂ ಜೊತೆಗೇ ನೋಡಿಸಿಕೊಳ್ಳಿ.

ರಂಜಾನಿನಲ್ಲಿ ಮಾತ್ರೆ ಬಿಟ್ಟು ಉಪವಾಸ ಹಿಡಿಯುವವರಿದ್ದಾರೆ. ರೋಗಿಗೆ ಶರೀಅತ್ತೇ ರುಖ್ಸತ್ ಕೊಟ್ಟಿದೆ. ಗುಣವಾದ ಮೇಲೆ ಖಳಾ ವೀಟಬಹುದು. ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ಆಮೇಲೆ ನಿಮ್ಮ ಉಸ್ತಾದರನ್ನು ಕೇಳಿ. ಓದಿ ಊದಿದ ನೀರು ಕುಡಿಸಿ, ದುಆ ಮಾಡಿಸಿ. ಅದರ ಜೊತೆಗೇ ಕಫದ ಡಬ್ಬಿಯನ್ನೂ ಕಳಿಸಿಕೊಡಿ. ಸಿರಿಯಾದಲ್ಲಿ ಸಾಂಕ್ರಾಮಿಕ ಎದ್ದಿದೆ ಎಂದು ತಿಳಿದಾಗ ಖಲೀಫಾ ಉಮರ್ ರಳಿಯಲ್ಲಾಹು ಅನ್ಹು ಸರ್ಗ್ ಎಂಬಲ್ಲಿಂದಲೇ ಜನರನ್ನು ಹಿಂದಕ್ಕೆ ಕರೆದೊಯ್ದ ಚರಿತ್ರೆಯನ್ನು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದು ಅಲ್ಲ ಎಂಬುದು ಅದರ ಸಾರ.

ಜಮಾಅತ್ ಕಮಿಟಿಗಳಿಗೆ ಒಂದು ಮಾತು. ಪಳ್ಳಿ ದರ್ಸ್‌ಗಳಲ್ಲಿ ಮುತಅಲ್ಲಿಮರು ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಾರೆ. ಕ್ಷಯ ಹರಡುವುದು ಗಾಳಿಯಿಂದ; ತಟ್ಟೆ-ಲೋಟದಿಂದ, ಮುಸಾಫಹತ್ತಿನಿಂದ ಅಲ್ಲ. ಆದ್ದರಿಂದ ಕಿಟಕಿ ತೆರೆದಿರಲಿ, ಒಬ್ಬನ ಕೆಮ್ಮು ಎರಡು ವಾರ ದಾಟಿದರೆ ಕೇಳುವವರಿರಲಿ. ವರ್ಷಾರಂಭದಲ್ಲಿ ಸೇರಿಸಿಕೊಳ್ಳುವಾಗ ಮಗುವಿನ ಲಸಿಕೆ ಕಾರ್ಡ್ ನೋಡಿ, 10 ಮತ್ತು 16 ವರ್ಷದ ಚುಚ್ಚುಮದ್ದು ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಮದ್ರಸಕ್ಕೇ ಕರೆಸಬಹುದು. ಜುಮಾದ ದಿನ ಖತೀಬರು ಐದು ನಿಮಿಷ ಈ ವಿಷಯ ಹೇಳಿದರೆ ಹತ್ತು ಕರಪತ್ರಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಇನ್ನು ಮುಚ್ಚಿಡುವ ಮಾತು. ಮಗಳ ನಿಕಾಹ್ ತಪ್ಪೀತು ಎಂದು ಉಮ್ಮಂದಿರು ಕೆಮ್ಮನ್ನು ದುಪಟ್ಟಾದೊಳಗೆ ಅಡಗಿಸಿಡುತ್ತಾರೆ. ಸರಿಯಾದ ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ಇತರರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ, ಆರು ತಿಂಗಳಲ್ಲಿ ರೋಗವೇ ಗುಣವಾಗುತ್ತದೆ. ಗುಣವಾದ ಹುಡುಗಿಯಲ್ಲಿ ಯಾವ ಐಬೂ ಇಲ್ಲ. ಮುಚ್ಚಿಟ್ಟರೆ ಅದೇ ಮನೆಯ ತೊಟ್ಟಿಲಲ್ಲಿರುವ ಕೂಸಿಗೆ ಅಪಾಯ. ಮನೆಯಲ್ಲಿ ಹೇಳಿಕೊಳ್ಳಲು ಮುಜುಗರವಾದರೆ 1800-11-6666 ನಿಕ್ಷಯ್ ಸಹಾಯವಾಣಿ, ಕರೆಗೆ ಖರ್ಚಿಲ್ಲ.

ಒಳಗಿನ ಕಾವಲುಗಾರನನ್ನು ಅಲ್ಲಾಹನು ನಮಗೆ ಹುಟ್ಟುವಾಗಲೇ ಕೊಟ್ಟಿದ್ದಾನೆ, ಕೂಗಿಗೆ ಅಳತೆಯನ್ನೂ ಇಟ್ಟಿದ್ದಾನೆ. ಕೂಗು ಕೇಳಿಸಿದಾಗ ಏಳುವುದು ಮನೆಯವರ ಪಾಲಿನ ಕೆಲಸ. ಈ ವಾರ ನಿಮ್ಮ ಮನೆಯ ಮಕ್ಕಳ ಲಸಿಕೆ ಕಾರ್ಡನ್ನು ಒಮ್ಮೆ ಹೊರಗೆ ತೆಗೆದು ನೋಡಿ. ಯಾರಾದರೂ ಎರಡು ವಾರದಿಂದ ಕೆಮ್ಮುತ್ತಿದ್ದರೆ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.